ನಾವಿಕನ ಹಾಡು

ಕಳೆದ ವರ್ಷ ಕ್ರಿಸ್ಮಸ್ ಹಬ್ಬದ ಸಂಜೆ ಸಹಪಾಠಿಯೊಬ್ಬನ ಮನೆಗೆ ಊಟಕ್ಕೆ ಹೋಗಿದ್ದೆ. ಊಟಕ್ಕೆ ಮುಂಚೆ ಮನೆಯವರೆಲ್ಲ ಹಾರ್ಮೋನಿಯಂ ಸುತ್ತ ಕುಳಿತು ಕೆಲವು ಕೀರ್ತನೆಗಳನ್ನು ಹಾಡಿದರು. ಅವುಗಳಲ್ಲೊಂದು ಇಂಗ್ಲಿಷ್ ಹಾಡು. ಅದರ ಧಾಟಿ ಕಿವಿಗೆ ಬೀಳುತ್ತಲೇ ನನಗೆ ನಮ್ಮ ಮೋಹನ ರಾಗದ ನೆನಪಾಯಿತು. ಹಾಡಿನ ಹೆಸರು ಅಮೇಜಿಂಗ್ ಗ್ರೇಸ್, ಎಂದರೆ ಅಚ್ಚರಿಯ ಕೃಪೆ ಎಂದೂ, ಅದನ್ನು ಬರೆದವನು ಜಾನ್ ನ್ಯೂಟನ್ ಎಂಬ ಗುಲಾಮರ ಹಡಗಿನ ಕಪ್ತಾನನೆಂದೂ ಗೆಳೆಯನ ಅಜ್ಜಿ ಹೇಳಿದರು. ನಡುಗಡಲಿನಲ್ಲಿ ಬಿರುಗಾಳಿ ಎದ್ದಿತಂತೆ. ಕಪ್ತಾನ ದೇವರಿಗೆ ಮೊರೆಯಿಟ್ಟನಂತೆ. ಜೀವ ಉಳಿದೊಡನೆ ಹಡಗನ್ನು ಹಿಂದಕ್ಕೆ ತಿರುಗಿಸಿ, ಗುಲಾಮರನ್ನೆಲ್ಲ ಬಿಡುಗಡೆ ಮಾಡಿ, ಅಂದೇ ಈ ಹಾಡನ್ನು ಬರೆದನಂತೆ.

ಕಥೆ ನನಗೆ ಬಹಳ ಹಿಡಿಸಿತು. ಮುಂದಿನ ತಿಂಗಳು ನಮ್ಮ ಕಾಲೇಜಿನ ಭಾಷಣ ಸ್ಪರ್ಧೆಗೆ ಹೃದಯ ಪರಿವರ್ತನೆ ಎಂಬ ವಿಷಯ ಬಂದಾಗ ಅದನ್ನೇ ಬಣ್ಣ ಕಟ್ಟಿ ಹೇಳಿದೆ. ಸಭಿಕರು ಚಪ್ಪಾಳೆ ತಟ್ಟಿದರು. ಮೊದಲನೆಯ ಬಹುಮಾನವೂ ಬಂತು. ಮಾರನೆಯ ದಿನ ಇತಿಹಾಸದ ಅಧ್ಯಾಪಕರು ನನ್ನನ್ನು ವರಾಂಡದಲ್ಲಿ ನಿಲ್ಲಿಸಿ ಮೂರೇ ಪ್ರಶ್ನೆ ಕೇಳಿದರು. ಬಿರುಗಾಳಿ ಎದ್ದದ್ದು ಯಾವ ವರ್ಷ? ಆತ ಗುಲಾಮರ ವ್ಯಾಪಾರ ಬಿಟ್ಟದ್ದು ಯಾವ ವರ್ಷ? ಹಾಡು ಬರೆದದ್ದು ಯಾವ ವರ್ಷ? ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಬೇಸಗೆ ರಜೆಯನ್ನು ಗ್ರಂಥಭಂಡಾರದಲ್ಲಿ ಕಳೆದು ಆ ಉತ್ತರಗಳನ್ನು ಹುಡುಕಿದೆ. ತಪ್ಪು ಕಥೆಗೆ ಬಹುಮಾನ ಪಡೆದವನು ಸರಿಯಾದದ್ದನ್ನು ಹೇಳಿ ಸಾಲ ತೀರಿಸಬೇಕಲ್ಲವೆ? ಈ ಲೇಖನ ಅದಕ್ಕಾಗಿ.

ಜಾನ್ ನ್ಯೂಟನ್ನನು 1725ನೆಯ ಇಸವಿ ಜುಲೈ ತಿಂಗಳಲ್ಲಿ ಲಂಡನ್ನಿನ ವಾಪಿಂಗ್ ಎಂಬ ಬಂದರಿನ ಬಡಾವಣೆಯಲ್ಲಿ ಹುಟ್ಟಿದನು. ತಂದೆ ಹಡಗಿನ ಕಪ್ತಾನ, ವರ್ಷದ ಬಹುಭಾಗ ಕಡಲ ಮೇಲೆಯೇ ಇರುತ್ತಿದ್ದ ಕಠಿಣ ಸ್ವಭಾವದವನು. ತಾಯಿ ಎಲಿಜಬೆತ್ ದೈವಭಕ್ತೆ. ಮಗುವಿಗೆ ಸತ್ಯವೇದದ ವಾಕ್ಯಗಳನ್ನೂ, ಆಗ ಜನಪ್ರಿಯವಾಗಿದ್ದ ಐಸಾಕ್ ವಾಟ್ಸನ ಕೀರ್ತನೆಗಳನ್ನೂ ಬಾಯಿಪಾಠ ಮಾಡಿಸಿದಳು. ಮಗ ಪಾದ್ರಿಯಾಗಬೇಕೆಂಬುದು ಆಕೆಯ ಆಸೆ. ಆದರೆ ಹುಡುಗನಿಗೆ ಏಳು ತುಂಬುವ ಮೊದಲೇ ಕ್ಷಯರೋಗದಿಂದ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೆ ತಂದೆ ಅವನನ್ನು ಹಡಗು ಹತ್ತಿಸಿದನು.

ಯೌವನದಲ್ಲಿ ನ್ಯೂಟನ್ನನು ಯಾರ ಮಾತಿಗೂ ಸಿಗದ ಪುಂಡನಾಗಿ ಬೆಳೆದನು. ದೇವರನ್ನು ಹಳಿಯುವುದರಲ್ಲಿ ನಾವಿಕರನ್ನೂ ಮೀರಿಸಿದನು. ಅವನನ್ನು ಹಿಡಿದಿಟ್ಟಿದ್ದ ಸೂತ್ರ ಒಂದೇ: 1742ರಲ್ಲಿ ಕೆಂಟ್ ಪ್ರಾಂತದಲ್ಲಿ ಕಂಡ ಮೇರಿ ಕ್ಯಾಟ್ಲೆಟ್ ಎಂಬ ಹುಡುಗಿಯ ಮೇಲಿನ ಪ್ರೀತಿ. 1744ರಲ್ಲಿ ಸರ್ಕಾರದ ಯುದ್ಧನೌಕೆಗೆ ಜನರನ್ನು ಬಲವಂತವಾಗಿ ಹಿಡಿದೊಯ್ಯುವ ತಂಡದ ಕೈಗೆ ಸಿಕ್ಕು ಹಾರ್ವಿಚ್ ಎಂಬ ನೌಕೆ ಸೇರಿದನು. ಅಲ್ಲಿಂದ ತಪ್ಪಿಸಿಕೊಂಡು ಓಡಿದನು, ಸಿಕ್ಕಿಬಿದ್ದನು, ಎಲ್ಲರೆದುರು ಚಾವಟಿಯ ಏಟು ತಿಂದನು. ಕೊನೆಗೆ ನೌಕೆಯವರು ಪೀಡೆ ತೊಲಗಲೆಂದು ಅವನನ್ನು ಆಫ್ರಿಕಕ್ಕೆ ಹೊರಟಿದ್ದ ಗುಲಾಮರ ಹಡಗೊಂದಕ್ಕೆ ದಾಟಿಸಿದರು.

ಸಿಯೆರಾ ಲಿಯೋನ್ ಕರಾವಳಿಯ ಬಳಿ ಪ್ಲಾಂಟೇನ್ ಎಂಬ ದ್ವೀಪಗಳಿವೆ. ಅಲ್ಲಿ ಬಿಳಿಯ ಗುಲಾಮ ವ್ಯಾಪಾರಿಯೊಬ್ಬನ ಬಳಿ ನ್ಯೂಟನ್ನನು ಕೆಲಸಕ್ಕೆ ನಿಂತನು. ಜ್ವರದಲ್ಲಿ ಮಲಗಿದವನನ್ನು ಯಜಮಾನನ ಮನೆಯವಳು ಅನ್ನ ನೀರಿಲ್ಲದೆ ಕೆಡವಿದಳು. ಯಜಮಾನನೂ ಅವನನ್ನು ಕಳ್ಳನೆಂದು ನಂಬಿ ಕಟ್ಟಿಹಾಕಿಸಿದನು. ಹರಕು ಬಟ್ಟೆಯಲ್ಲಿ, ರಾತ್ರಿಯ ಹೊತ್ತು ತೋಟದ ಹಸಿ ಗೆಡ್ಡೆಗಳನ್ನು ಕಿತ್ತು ತಿಂದು ಆತ ಜೀವ ಹಿಡಿದನು. ಜೊತೆಗಿದ್ದ ಯೂಕ್ಲಿಡನ ರೇಖಾಗಣಿತದ ಪುಸ್ತಕವನ್ನು ತೆರೆದು, ಕಡಲ ದಂಡೆಯ ಮರಳಿನ ಮೇಲೆ ಕಡ್ಡಿಯಿಂದ ಆಕೃತಿಗಳನ್ನು ಬರೆದು ದುಃಖ ಮರೆಯುತ್ತಿದ್ದನು. ಇಲ್ಲಿ ನಡೆದ ಒಂದು ಸಂಗತಿಯನ್ನು ವಾಚಕರು ನೆನಪಿಡಬೇಕು. ಮಾರಾಟಕ್ಕೆಂದು ಸರಪಳಿಯಲ್ಲಿ ಬಿಗಿದಿದ್ದ ಗುಲಾಮರು ತಮ್ಮ ಅಲ್ಪ ಪಾಲಿನಲ್ಲಿ ಒಂದಿಷ್ಟನ್ನು ಗುಟ್ಟಾಗಿ ತಂದು ಈ ಬಿಳಿಯ ಹುಡುಗನಿಗೆ ಉಣ್ಣಿಸುತ್ತಿದ್ದರು. ಇದನ್ನು ಆತನೇ ತನ್ನ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾನೆ.

ತಂದೆಯ ಕೋರಿಕೆಯ ಮೇರೆಗೆ ಗ್ರೇಹೌಂಡ್ ಎಂಬ ಹಡಗಿನ ಕಪ್ತಾನನು ಅವನನ್ನು ಹುಡುಕಿ ಹತ್ತಿಸಿಕೊಂಡನು. 1748ರ ಮಾರ್ಚ್ ತಿಂಗಳಲ್ಲಿ, ಇಂದಿನ ಪಂಚಾಂಗದಂತೆ 21ನೆಯ ತಾರೀಖು, ಅಟ್ಲಾಂಟಿಕ್ ಸಾಗರದ ನಡುವೆ ಬಿರುಗಾಳಿ ಹೊಡೆಯಿತು. ನಿದ್ದೆಯಲ್ಲಿದ್ದ ನ್ಯೂಟನ್ನನು ಕೋಣೆಗೆ ನುಗ್ಗಿದ ನೀರಿನಿಂದ ಎಚ್ಚೆತ್ತನು. ಮೇಲಕ್ಕೆ ಹತ್ತುತ್ತಿದ್ದವನನ್ನು ಕಪ್ತಾನನು ಚಾಕು ತರಲೆಂದು ಹಿಂದಕ್ಕೆ ಕಳುಹಿಸಿದನು; ಅವನ ಬದಲು ಮೇಲೆ ಹೋದವನನ್ನು ಅಲೆ ಹೊತ್ತೊಯ್ದಿತು. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಪಂಪು ಒತ್ತಿ ನೀರು ಹೊರಹಾಕಿದನು. ಆಮೇಲೆ ನಡುರಾತ್ರಿಯವರೆಗೆ ಚುಕ್ಕಾಣಿ ಹಿಡಿದನು. ಹಡಗಿನಲ್ಲಿದ್ದ ಸರಕಿನಲ್ಲಿ ಬಹುಪಾಲು ಜೇನುಮೇಣ ಮತ್ತು ಮರ. ನೀರಿಗಿಂತ ಹಗುರವಾದ ಅವುಗಳಿಂದಲೇ ಒಡೆದ ಹಡಗು ತೇಲಿತು. ಆ ಹಡಗಿನಲ್ಲಿ ಗುಲಾಮರೇ ಇರಲಿಲ್ಲ! ಸುಮಾರು ನಾಲ್ಕು ವಾರ ಅಲೆದು, ಕೊನೆಯ ತುತ್ತು ಪಾತ್ರೆಯಲ್ಲಿ ಬೇಯುತ್ತಿರುವಾಗ ಅವರು ಐರ್ಲೆಂಡಿನ ದಡ ಸೇರಿದರು. ಚುಕ್ಕಾಣಿಯ ಬಳಿ ನಿಂತಿದ್ದ ಆ ಹೊತ್ತಿನಲ್ಲಿ ತಾಯಿ ಕಲಿಸಿದ ದೇವರು ಅವನಿಗೆ ನೆನಪಾದನು. ಬದುಕಿರುವವರೆಗೂ ಆ ದಿನವನ್ನು ಆತ ಪ್ರಾರ್ಥನೆಯಲ್ಲಿ ಕಳೆದನು.

ನನ್ನ ಭಾಷಣ ಇಲ್ಲಿಗೆ ಮುಗಿದಿತ್ತು. ನಿಜವಾದ ಕಥೆ ಇಲ್ಲಿಂದ ಮೊದಲಾಗುತ್ತದೆ.

ಪರಿವರ್ತನೆ ಹೊಂದಿದ ನ್ಯೂಟನ್ನನು ಮಾಡಿದ್ದೇನು? ಅದೇ ವರ್ಷ ಗುಲಾಮರ ಹಡಗೊಂದರ ಮೊದಲ ಸಹಾಯಕನಾಗಿ ಮತ್ತೆ ಆಫ್ರಿಕಕ್ಕೆ ಹೊರಟನು. 1750ರಲ್ಲಿ ಮೇರಿಯನ್ನು ಮದುವೆಯಾಗಿ, ಅದೇ ವರ್ಷ ತಾನೇ ಕಪ್ತಾನನಾದನು. 1754ರವರೆಗೆ ಡ್ಯೂಕ್ ಆಫ್ ಆರ್ಗೈಲ್ ಮತ್ತು ಆಫ್ರಿಕನ್ ಎಂಬ ಹಡಗುಗಳಲ್ಲಿ ಮೂರು ಯಾತ್ರೆ ಮಾಡಿದನು. ಹಡಗಿನ ತಳಭಾಗದಲ್ಲಿ ಐದಡಿ ಎತ್ತರದ ಜಾಗವನ್ನು ಹಲಗೆಯಿಂದ ಎರಡಾಗಿ ಮಾಡಿ, ಮನುಷ್ಯರನ್ನು ಇಬ್ಬಿಬ್ಬರಂತೆ ಬೇಡಿ ತೊಡಿಸಿ, ಮಗ್ಗುಲು ಬದಲಿಸಲೂ ಎಡೆಯಿಲ್ಲದಂತೆ ಮಲಗಿಸುತ್ತಿದ್ದರು. ದಂಗೆಯ ಸಂಚಿನ ಗುಮಾನಿ ಬಂದಾಗ ಆತ ಚಿಕ್ಕ ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಯಂತ್ರದಲ್ಲಿ ಹಿಸುಕಿಸಿ ಬಾಯಿ ಬಿಡಿಸಿದ್ದುಂಟು. ಅದನ್ನು ತನ್ನ ದಿನಚರಿಯಲ್ಲಿ ನಿರ್ವಿಕಾರವಾಗಿ ಬರೆದಿಟ್ಟಿದ್ದಾನೆ. ಅದೇ ಹಡಗಿನ ಮೇಲಂತಸ್ತಿನಲ್ಲಿ ಪ್ರತಿ ಭಾನುವಾರ ನಾವಿಕರನ್ನು ಕೂಡಿಸಿ ಆರಾಧನೆ ನಡೆಸುತ್ತಿದ್ದನು. ಹೆಂಡತಿಗೆ ಅತ್ಯಂತ ಕೋಮಲವಾದ ಪತ್ರಗಳನ್ನು ಬರೆಯುತ್ತಿದ್ದನು. ಹಸಿದಾಗ ಉಣ್ಣಿಸಿದವರ ಜಾತಿಬಂಧುಗಳು ಕೆಳಗೆ ಸರಪಳಿಯಲ್ಲಿದ್ದರು.

ಇದನ್ನೋದಿದಾಗ ಪುಸ್ತಕ ಮುಚ್ಚಿಬಿಡೋಣವೆನ್ನಿಸಿತು. ಇಂಥವನನ್ನು ಕಪಟಿಯೆನ್ನುವುದು ಸುಲಭ. ಆದರೆ ಆತ ಕಪಟಿಯಲ್ಲವೆಂದು ನನಗೆ ತೋರುತ್ತದೆ. ಅದೇ ಹೆಚ್ಚು ಭಯಂಕರ. ಅಂದಿನ ಇಂಗ್ಲೆಂಡಿನಲ್ಲಿ ಅದು ಮರ್ಯಾದಸ್ಥರ ವ್ಯಾಪಾರ. ಕಾನೂನು ಅದನ್ನು ರಕ್ಷಿಸುತ್ತಿತ್ತು; ಲಿವರ್‌ಪೂಲಿನಂಥ ಊರುಗಳು ಅದರಿಂದ ಬೆಳೆದವು; ಚರ್ಚಿಗೆ ಹೋಗುವ ವರ್ತಕರು ಅದರಲ್ಲಿ ಹಣ ಹೂಡಿದ್ದರು. ತನ್ನ ಕೆಲಸ ಸೆರೆಮನೆಯ ಕಾವಲುಗಾರನ ಕೆಲಸದಂಥದೆಂದು ನ್ಯೂಟನ್ನನು ಬೇಸರಪಟ್ಟದ್ದುಂಟು, ಪಾಪವೆಂದು ತಿಳಿದಿರಲಿಲ್ಲ. ಆತ ಹಡಗು ಬಿಟ್ಟದ್ದೂ ಧರ್ಮಬುದ್ಧಿಯಿಂದಲ್ಲ. 1754ರ ಕೊನೆಯಲ್ಲಿ, ಇನ್ನೊಂದು ಯಾತ್ರೆಗೆ ಸಿದ್ಧನಾಗಿದ್ದಾಗ, ಹಠಾತ್ತಾಗಿ ಮೂರ್ಛೆ ಬಂದು ಬಿದ್ದನು. ವೈದ್ಯರು ಸಮುದ್ರಯಾನ ಬೇಡವೆಂದರು. ಅಷ್ಟೆ.

ಮುಂದಿನ ವರ್ಷ ಲಿವರ್‌ಪೂಲಿನಲ್ಲಿ ಸುಂಕದ ಇಲಾಖೆಯ ನೌಕರಿ ಸಿಕ್ಕಿತು. ಬಿಡುವಿನಲ್ಲಿ ಗ್ರೀಕ್, ಹೀಬ್ರೂ ಭಾಷೆಗಳನ್ನು ಸ್ವಂತವಾಗಿ ಕಲಿತನು. ಪಾದ್ರಿಯಾಗಬೇಕೆಂದು ಆರು ವರ್ಷ ಪ್ರಯತ್ನಪಟ್ಟರೂ, ವಿಶ್ವವಿದ್ಯಾಲಯದ ಪದವಿಯಿಲ್ಲದ ಈ ಮಾಜಿ ನಾವಿಕನಿಗೆ ಬಿಷಪ್ಪರು ಒಪ್ಪಿಗೆ ಕೊಡಲಿಲ್ಲ. ಅಂತೂ 1764ರಲ್ಲಿ ದೀಕ್ಷೆ ದೊರೆತು ಓಲ್ನಿ ಎಂಬ ಸಣ್ಣ ಊರಿಗೆ ಹೋದನು. ತಾಯಿಯ ಆಸೆ ಕೈಗೂಡುವ ಹೊತ್ತಿಗೆ ಆಕೆ ಸತ್ತು ಮೂವತ್ತೆರಡು ವರ್ಷಗಳಾಗಿದ್ದುವು.

ಓಲ್ನಿ ಬಡವರ ಊರು. ಹೆಂಗಸರೂ ಮಕ್ಕಳೂ ಹಗಲೆಲ್ಲ ಕುಳಿತು ಕಸೂತಿಯ ಲೇಸು ಹೆಣೆದು ಹೊಟ್ಟೆ ಹೊರೆಯುತ್ತಿದ್ದರು. ಅವರಿಗಾಗಿ ನ್ಯೂಟನ್ನನು ವಾರದ ನಡುವೆ ಪ್ರಾರ್ಥನಾಕೂಟ ನಡೆಸಿ, ಅಂದಿನ ಪಾಠಕ್ಕೆ ಹೊಂದುವ ಹಾಡುಗಳನ್ನು ಬರೆಯತೊಡಗಿದನು. ತಾನು ಮಹಾಕವಿಯಲ್ಲವೆಂದು ಅವನಿಗೆ ಗೊತ್ತಿತ್ತು. ಲೇಸು ಹೆಣೆಯುವವಳಿಗೂ ತಿಳಿಯುವ ಚಿಕ್ಕ ಚಿಕ್ಕ ಮಾತುಗಳು, ಯಾವ ಧಾಟಿಗೂ ಕೂಡುವ ಸರಳ ಛಂದಸ್ಸು, ಇವೇ ಅವನ ಬಂಡವಾಳ. 1767ರಲ್ಲಿ ಆ ಊರಿಗೆ ಬಂದ ವಿಲಿಯಂ ಕೂಪರ್ ಎಂಬ ನಿಜವಾದ ಕವಿ ಅವನ ಜೊತೆಗೂಡಿದನು. ಇಬ್ಬರ ಹಾಡುಗಳೂ ಸೇರಿ 1779ರಲ್ಲಿ ಓಲ್ನಿ ಕೀರ್ತನೆಗಳು ಎಂಬ ಪುಸ್ತಕವಾಯಿತು. ಅದರಲ್ಲಿನ 348 ಹಾಡುಗಳಲ್ಲಿ ಸುಮಾರು 280 ನ್ಯೂಟನ್ನನವು.

ಅಚ್ಚರಿಯ ಕೃಪೆಯ ಹಾಡು 1773ರ ಜನವರಿ 1ರ ಆರಾಧನೆಗಾಗಿ ಬರೆದದ್ದು. ಬಿರುಗಾಳಿ ಕಳೆದು ಇಪ್ಪತ್ತೈದು ವರ್ಷಗಳಾಗುತ್ತ ಬಂದಿದ್ದುವು. ಅಂದಿನ ಪಾಠ ಪೂರ್ವಕಾಲವೃತ್ತಾಂತದಿಂದ: ಇಷ್ಟು ದೂರ ನಡೆಸಿ ತಂದದ್ದಕ್ಕೆ ದಾವೀದ ಅರಸನು ದೇವರ ಮುಂದೆ ಕುಳಿತು ಬೆರಗಾಗುವ ಸಂದರ್ಭ. ಹಾಡಿನಲ್ಲಿ ಕಡಲಿಲ್ಲ, ಹಡಗಿಲ್ಲ, ಗುಲಾಮರ ಮಾತಂತೂ ಇಲ್ಲವೇ ಇಲ್ಲ. ತಾನು ನೀಚನಾಗಿದ್ದೆ, ಕುರುಡನಾಗಿದ್ದೆ, ಈಗ ಕಣ್ಣು ಬಂತೆಂದು ಅದನ್ನು ಬರೆದವನಿಗೆ, ಕಣ್ಣಿಗೆ ಬೀಳದೆ ಉಳಿದದ್ದು ಇನ್ನೂ ಬಹಳವಿತ್ತು.

1780ರಲ್ಲಿ ಆತ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿಗೆ ಬಂದನು. 1785ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಇಪ್ಪತ್ತಾರು ವರ್ಷದ ಪಾರ್ಲಿಮೆಂಟ್ ಸದಸ್ಯನು ಗುಟ್ಟಾಗಿ ಅವನನ್ನು ಕಾಣಲು ಬಂದನು. ಧರ್ಮಕ್ಕಾಗಿ ರಾಜಕೀಯ ತ್ಯಜಿಸಲೇ ಎಂಬುದು ಯುವಕನ ಸಂದೇಹ. ಅಲ್ಲೇ ಇದ್ದು ಸೇವೆ ಮಾಡೆಂದು ನ್ಯೂಟನ್ನನು ತಿಳಿಹೇಳಿದನು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಟ ಎದ್ದಾಗ, 1788ರಲ್ಲಿ, ಅರವತ್ತು ದಾಟಿದ ಮುದುಕನು ಕೊನೆಗೂ ಬಾಯಿ ತೆರೆದನು. ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತು ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದನು. ತನ್ನ ತಪ್ಪೊಪ್ಪಿಗೆ ಬಹಳ ತಡವಾಯಿತೆಂದು ಒಪ್ಪಿಕೊಂಡು, ಬೇಡಿ, ಚಾವಟಿ, ತಿರುಪಿನ ಯಂತ್ರ, ಹೆಂಗಸರ ಮೇಲಿನ ಅತ್ಯಾಚಾರ ಎಲ್ಲವನ್ನೂ ಕಂಡವನಾಗಿ ಬರೆದನು. ಪ್ರಿವಿ ಕೌನ್ಸಿಲಿನ ಮುಂದೆಯೂ ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ಸಾಕ್ಷಿ ನುಡಿದನು. ಕೇಳಿದ್ದನ್ನು ಹೇಳುವವರು ಅನೇಕರಿದ್ದರು. ಮಾಡಿದ್ದನ್ನು ಹೇಳುವ ಕಪ್ತಾನರು ಅಪರೂಪ. 1807ರ ಮಾರ್ಚ್ 25ರಂದು ಆ ವ್ಯಾಪಾರವನ್ನು ನಿಷೇಧಿಸುವ ಕಾನೂನಾಯಿತು. ಕಣ್ಣು ಮಸುಕಾಗಿದ್ದ ನ್ಯೂಟನ್ನನು ಅದನ್ನು ಕೇಳುವಷ್ಟು ಬದುಕಿ, ಅದೇ ಡಿಸೆಂಬರ್ 21ರಂದು ತೀರಿಕೊಂಡನು.

ಹಾಡಿನ ಮುಂದಿನ ಯಾತ್ರೆ ಇನ್ನೂ ವಿಚಿತ್ರ. ಇಂಗ್ಲೆಂಡಿನಲ್ಲಿ ಅದಕ್ಕೆ ಅಷ್ಟೇನೂ ಹೆಸರಾಗಲಿಲ್ಲ; ಅಮೆರಿಕ ಅದನ್ನು ಅಪ್ಪಿಕೊಂಡಿತು. 1835ರಲ್ಲಿ ವಿಲಿಯಂ ವಾಕರ್ ಎಂಬ ಸಂಗೀತ ಬೋಧಕನು ಅದಕ್ಕೆ ನ್ಯೂ ಬ್ರಿಟನ್ ಎಂಬ ಐದು ಸ್ವರದ ಧಾಟಿಯನ್ನು ಕೂಡಿಸಿ ಅಚ್ಚು ಹಾಕಿಸಿದನು. ಮೋಹನದ ಸ್ವರಗಳೂ ಅವೇ ಐದು. ಇಂದು ಹಾಡುವ ಕೊನೆಯ ಚರಣ ನ್ಯೂಟನ್ನನದಲ್ಲ, ಬೇರೆ ಹಾಡಿನಿಂದ ಬಂದು ಸೇರಿದ್ದು. ಗುಲಾಮರ ಸಂತತಿಯವರು ತಮ್ಮ ಚರ್ಚುಗಳಲ್ಲಿ ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. 1947ರಲ್ಲಿ ಮಹಾಲಿಯಾ ಜಾಕ್ಸನ್ ಅದನ್ನು ಧ್ವನಿಮುದ್ರಿಸಿದರು. 1970ರಲ್ಲಿ ಜೂಡಿ ಕಾಲಿನ್ಸ್ ಹಾಡಿದ್ದು ಚರ್ಚಿನ ಹೊರಗೂ ಮನೆಮಾತಾಯಿತು. 2006ರಲ್ಲಿ ಕ್ರಿಸ್ ಟಾಮ್ಲಿನ್ ಹೊಸ ಪಲ್ಲವಿ ಸೇರಿಸಿ ಗಿಟಾರಿನ ಆರಾಧನೆಗೂ ಅದನ್ನು ತಂದರು. 2015ರಲ್ಲಿ ಚಾರ್ಲ್ಸ್‌ಟನ್ ನಗರದ ಚರ್ಚಿನಲ್ಲಿ ಕೊಲೆಯಾದ ಪಾದ್ರಿಯ ಅಂತ್ಯಸಂಸ್ಕಾರದಲ್ಲಿ ಅಧ್ಯಕ್ಷ ಒಬಾಮ ಅದನ್ನೇ ಹಾಡಿದರು.

ಅಧ್ಯಾಪಕರ ಪ್ರಶ್ನೆಗಳಿಗೆ ಈಗ ಉತ್ತರವಿದೆ: 1748, 1754, 1773. ಅವರು ಕೇಳದ ನಾಲ್ಕನೆಯದು 1788. ಬಿರುಗಾಳಿಯಿಂದ ತಪ್ಪೊಪ್ಪಿಗೆಗೆ ನಲವತ್ತು ವರ್ಷ. ಹೃದಯ ಪರಿವರ್ತನೆ ಒಂದು ರಾತ್ರಿಯಲ್ಲಿ ಆಗುತ್ತದೆಂದು ನಾನು ವೇದಿಕೆಯ ಮೇಲೆ ಹೇಳಿದ್ದು ತಪ್ಪು. ಅದು ಒಂದು ರಾತ್ರಿಯಲ್ಲಿ ಆರಂಭವಾಗಬಹುದು. ಆದರೆ ಕಾನೂನೂ ಊರೂ ಒಪ್ಪಿದ ಅನ್ಯಾಯ ಭಕ್ತನ ಕಣ್ಣಿಗೂ ಬೇಗ ಬೀಳುವುದಿಲ್ಲ. ನಮ್ಮೆಲ್ಲರ ಮನೆಗಳಲ್ಲಿಯೂ ಬೀದಿಗಳಲ್ಲಿಯೂ ಅಂಥದ್ದೇನಿದೆಯೆಂದು ನಾವು ಕೇಳಿಕೊಳ್ಳುವುದು ಒಳ್ಳೆಯದು.

ಮೊನ್ನೆ ಗೆಳೆಯನ ಮನೆಗೆ ಹೋಗಿ ಅಜ್ಜಿಯವರಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಬೇಸರವಾದೀತೆಂದು ಅಂಜಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ದ್ವೀಪದಲ್ಲಿ ಆ ಹುಡುಗನಿಗೆ ಅನ್ನ ಕೊಟ್ಟವರು ಮುಂದೇನಾದರೆಂದು ಕೇಳಿದರು. ನ್ಯೂಟನ್ನನು ಅವರ ಹೆಸರನ್ನೂ ಬರೆದಿಲ್ಲ ಎಂದೆ. ಆಮೇಲೆ ಅವರು ಮೊಮ್ಮಗನನ್ನು ಕರೆದು ಹಾರ್ಮೋನಿಯಂ ತರಲು ಹೇಳಿದರು.