ಶತ್ರುವಿನ ಊರಲ್ಲಿ ಓದಿದವನು

ಕ್ರುಸೇಡ್ ಅಂದರೆ ಜೆರೂಸಲೇಮಿಗಾಗಿ ನಡೆದ ಯುದ್ಧ ಅಂತಲೇ ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದು, ಅಲ್ಲವೇ? ಬಾಲ್ಟಿಕ್ ಸಮುದ್ರದ ದಂಡೆಯಲ್ಲೂ ಅಂಥದೇ ಯುದ್ಧ ನಡೆಯಿತು. ಅಲ್ಲಿ ಮರಗಳ ತೋಪುಗಳನ್ನೇ ದೇವಸ್ಥಾನ ಮಾಡಿಕೊಂಡಿದ್ದ ಪ್ರಷ್ಯನ್ ಬುಡಕಟ್ಟುಗಳ ಮೇಲೆ, ಪೋಪರ ಒಪ್ಪಿಗೆ ಪಡೆದ ಟ್ಯೂಟಾನಿಕ್ ಸಂಘದ ಯೋಧ-ಸನ್ಯಾಸಿಗಳು ಸುಮಾರು 1230ರಿಂದ ದಂಡೆತ್ತಿ ಬಂದರು. ಅವರ ಜತೆ ಸೇರಿ ಕಾದಿದವರಿಗೆ ಪಾಪಪರಿಹಾರದ ಭರವಸೆ ಬೇರೆ!

ಹೆರ್ಕುಸ್ ಮಾಂಟೆ ಆ ಬುಡಕಟ್ಟುಗಳಲ್ಲೊಂದಾದ ನಟಾಂಗಿಯನ್ನರವನು. ಒತ್ತೆಯಾಳಾಗಿ ಜರ್ಮನಿಯ ಮಾಗ್ಡೆಬುರ್ಗ್ ಪಟ್ಟಣದಲ್ಲಿ ಬೆಳೆದ. ಹೊಸ ಧರ್ಮದ ಜತೆ ಹೈನ್ರಿಷ್ ಎಂಬ ಹೊಸ ಹೆಸರೂ ಬಂತು. 1260ರ ಜುಲೈಯಲ್ಲಿ ಡುರ್ಬೆಯ ಕಾಳಗದಲ್ಲಿ ಸಂಘದ 150 ನೈಟರು ಸತ್ತದ್ದೇ ತಡ, ಸೆಪ್ಟೆಂಬರಿನಲ್ಲಿ ಪ್ರಷ್ಯನ್ನರು ದಂಗೆ ಎದ್ದರು. ನಟಾಂಗಿಯನ್ನರು ನಾಯಕನನ್ನಾಗಿ ಆರಿಸಿದ್ದು ಈ ಓದಿದ ಹುಡುಗನನ್ನೇ. 1261ರ ಜನವರಿಯಲ್ಲಿ ಪೊಕಾರ್ವಿಸ್‌ನಲ್ಲಿ ಆತ ಗೆದ್ದ.

ಗೆದ್ದ ಮೇಲೆ ಸೆರೆಯಾಳೊಬ್ಬನನ್ನು ದೇವರಿಗೆ ಬಲಿ ಕೊಡಬೇಕೆಂದು ಚೀಟಿ ಎತ್ತಿದರಂತೆ. ಅದು ಬಿದ್ದದ್ದು ಹಿರ್ಟ್ಸ್‌ಹಾಲ್ಸ್ ಎಂಬ ಮಾಗ್ಡೆಬುರ್ಗಿನವನ ಮೇಲೆ. ಹಿಂದೆ ಆ ಊರಲ್ಲಿ ಹೆರ್ಕುಸ್‌ನಿಗೆ ಉಪಕಾರ ಮಾಡಿದ್ದವನು ಆತ. ಹೆರ್ಕುಸ್ ಎರಡು ಸಲ ಅವನನ್ನು ಬಿಡಿಸಿದ. ಮೂರನೆಯ ಸಲವೂ ಅವನ ಮೇಲೇ ಬಿತ್ತು. ಕುದುರೆಯ ಮೇಲೆ ಕಟ್ಟಿ ಅವನನ್ನು ಸುಟ್ಟರು. ಇದನ್ನು ಓದಿದ ಮೇಲೆ ಹೆರ್ಕುಸ್‌ನನ್ನು ಬರೀ ವೀರ ಎಂದು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಕ್ರೂರಿ ಎಂದು ತಳ್ಳಿಹಾಕುವುದಕ್ಕೂ ಆಗುವುದಿಲ್ಲ.

1263ರಲ್ಲಿ ಲೋಬೌ ಬಳಿ ಆತ ಮತ್ತೆ ಗೆದ್ದ. ಸಂಘದ ಮುಖ್ಯಾಧಿಕಾರಿಯೇ ಸತ್ತ. ಆದರೆ ಕೋನಿಗ್ಸ್‌ಬರ್ಗ್ ಕೋಟೆಗೆ ವರ್ಷಗಟ್ಟಲೆ ಹಾಕಿದ ಮುತ್ತಿಗೆ ಫಲಿಸಲಿಲ್ಲ. ಜರ್ಮನಿಯಿಂದ ಹೊಸ ದಂಡು ಬರುತ್ತಲೇ ಇತ್ತು. ಇವರಲ್ಲಿ ಸತ್ತವರ ಜಾಗಕ್ಕೆ ಯಾರು ಬರಬೇಕು? 1273ರಲ್ಲಿ, ಸಂಗಡಿಗರು ಬೇಟೆಗೆ ಹೋಗಿದ್ದಾಗ, ಒಬ್ಬನೇ ಸಿಕ್ಕಿಬಿದ್ದ. ಮರಕ್ಕೆ ನೇಣು ಹಾಕಿ, ಮೇಲೆ ಕತ್ತಿಯಿಂದ ತಿವಿದರು. ಹತ್ತು ವರ್ಷದಲ್ಲಿ ನಾಡೆಲ್ಲ ಸಂಘದ ಕೈಸೇರಿತು.

ಈ ಕತೆಯನ್ನೆಲ್ಲ ಬರೆದಿಟ್ಟವನು ಸಂಘದವನೇ ಆದ ಡುಸ್‌ಬುರ್ಗಿನ ಪೀಟರ್ ಎಂಬ ಪಾದ್ರಿ, ಅದೂ 1326ರ ಸುಮಾರಿಗೆ. ಕಾಮರ್ಸ್ ಓದುವ ನನಗೆ ಇದು ಸಾಲ ಕೊಟ್ಟವನ ಖಾತೆಪುಸ್ತಕ ಮಾತ್ರ ಉಳಿದಂತೆ ಕಾಣುತ್ತದೆ. ಸಾಲಗಾರನ ಪುಸ್ತಕ ಇಲ್ಲವೇ ಇಲ್ಲ. ಹದಿನೆಂಟನೆಯ ಶತಮಾನದ ಮೊದಲಲ್ಲಿ ಪ್ರಷ್ಯನ್ ಭಾಷೆಯೂ ಸತ್ತಿತು. ಅದರಲ್ಲಿ ಅಚ್ಚಾಗಿ ಉಳಿದ ಪುಸ್ತಕಗಳು ಮೂರೇ, ಮೂರೂ ಕ್ರೈಸ್ತ ಧರ್ಮಬೋಧೆಯವು. ಪ್ರಷ್ಯಾ ಎಂಬ ಹೆಸರನ್ನು ಮಾತ್ರ ಗೆದ್ದವರು ತಾವೇ ಇಟ್ಟುಕೊಂಡರು.