ಕಡಲನ್ನು ಮನೆಮನೆಗೆ ತಂದ ರೇಚಲ್ ಕಾರ್ಸನ್

ರೇಚಲ್ ಕಾರ್ಸನ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಡಿಡಿಟಿ. ಊರಿನಲ್ಲಿ ಮಲೇರಿಯಾ ಇಲಾಖೆಯವರು ಗೋಡೆಗೆ ಸಿಂಪಡಿಸಿ, ಬಾಗಿಲ ಪಕ್ಕ ತಾರೀಕು ಬರೆದುಹೋಗುತ್ತಿದ್ದ ಅದೇ ಡಿಡಿಟಿ. ಆದರೆ ಆಕೆ ಬದುಕಿದ್ದಾಗ ಪ್ರಕಟವಾದ ನಾಲ್ಕು ಪುಸ್ತಕಗಳಲ್ಲಿ ಮೊದಲ ಮೂರೂ ಸಮುದ್ರದವು ಎಂಬುದನ್ನು ಬಲ್ಲವರು ಕಡಿಮೆ.

1907ರ ಮೇ 27ರಂದು ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್‌ನಲ್ಲಿ ಹುಟ್ಟಿದ ರೇಚಲ್ ಸಮುದ್ರವನ್ನು ಕಣ್ಣಾರೆ ಕಂಡದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, 1929ರ ಬೇಸಿಗೆಯಲ್ಲಿ ವುಡ್ಸ್ ಹೋಲ್ ಪ್ರಯೋಗಾಲಯಕ್ಕೆ ಹೋದಾಗ. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಪಡೆದರು. ಡಾಕ್ಟರೇಟ್ ಕೈಗೂಡಲಿಲ್ಲ. ಮನೆಯಲ್ಲಿ ದುಡ್ಡಿರಲಿಲ್ಲ, 1935ರಲ್ಲಿ ತಂದೆ ತೀರಿಕೊಂಡರು, 1937ರಲ್ಲಿ ಅಕ್ಕನೂ ಹೋಗಿ, ಆಕೆಯ ಇಬ್ಬರು ಹೆಣ್ಣುಮಕ್ಕಳ ಭಾರ ರೇಚಲ್ ಮತ್ತು ತಾಯಿಯ ಮೇಲೆ ಬಿತ್ತು.

ಹೊಟ್ಟೆಪಾಡಿಗೆ ಹಿಡಿದದ್ದು ಫೆಡರಲ್ ಮೀನುಗಾರಿಕಾ ಇಲಾಖೆಯ ಕೆಲಸ. ಮೊದಲು ಜಲಚರಗಳ ಬಗ್ಗೆ ರೇಡಿಯೋ ಬರಹ; 1936ರಲ್ಲಿ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿ ಕಾಯಂ ಹುದ್ದೆ. ಇಲಾಖೆಯ ಕಿರುಪುಸ್ತಕಕ್ಕೆಂದು ಬರೆದ ಪೀಠಿಕೆಯನ್ನು ಓದಿದ ಮೇಲಧಿಕಾರಿ ಎಲ್ಮರ್ ಹಿಗ್ಗಿನ್ಸ್, ಇದು ಸರ್ಕಾರಿ ಪುಸ್ತಿಕೆಗೆ ಆಗದು, ಅಟ್ಲಾಂಟಿಕ್ ಪತ್ರಿಕೆಗೆ ಕಳಿಸಿ ಎಂದರಂತೆ. ಅಂಥ ಮೇಲಧಿಕಾರಿ ನಮ್ಮಲ್ಲಿ ಎಷ್ಟು ಜನಕ್ಕೆ ಸಿಕ್ಕಾರು! 1937ರಲ್ಲಿ ಅದು ಅಚ್ಚಾಯಿತು. ಅದರಿಂದ ಬೆಳೆದ ಮೊದಲ ಪುಸ್ತಕ ಹೊರಬಂದದ್ದು 1941ರ ನವೆಂಬರಿನಲ್ಲಿ; ಮರುತಿಂಗಳೇ ಪರ್ಲ್ ಹಾರ್ಬರ್. ಪುಸ್ತಕವನ್ನು ಕೇಳುವವರಿಲ್ಲವಾಯಿತು.

ಹಗಲು ಕಚೇರಿ, ರಾತ್ರಿ ಬರವಣಿಗೆ. ಯುದ್ಧ ಮುಗಿದ ಮೇಲೆ ವನ್ಯಜೀವಿ ಧಾಮಗಳನ್ನು ಜನಸಾಮಾನ್ಯರಿಗೆ ಪರಿಚಯಿಸುವ ಪುಸ್ತಿಕೆಗಳ ಮಾಲೆಯನ್ನು ಇಲಾಖೆಗಾಗಿ ರೂಪಿಸಿದರು. 1949ರಲ್ಲಿ ಆಲ್ಬಟ್ರಾಸ್-3 ಎಂಬ ಸಂಶೋಧನಾ ಹಡಗು ಹತ್ತಲು ಹೊರಟಾಗ, ಅಷ್ಟು ಗಂಡಸರ ನಡುವೆ ಒಂಟಿ ಹೆಂಗಸು ಸಲ್ಲದೆಂಬ ಆಕ್ಷೇಪ ಬಂತು. ಇಬ್ಬರಾದರೆ ಅಡ್ಡಿಯಿಲ್ಲವಂತೆ! ತಮ್ಮ ಪುಸ್ತಕಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಮೇರಿ ರೋಡೆಲ್‌ರನ್ನು ಜೊತೆಗೆ ಕರೆದೊಯ್ದರು. 1951ರ 'ದಿ ಸೀ ಅರೌಂಡ್ ಅಸ್' ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ 86 ವಾರ ನಿಂತಿತು. ಮರುವರ್ಷ ನೌಕರಿ ಬಿಟ್ಟರು.

1962ರ 'ಸೈಲೆಂಟ್ ಸ್ಪ್ರಿಂಗ್' ಕೂಡ ನೀರಿನಿಂದ ದೂರದ್ದಲ್ಲ. ಕೆನಡಾದ ಕಾಡಿಗೆ ಸಿಂಪಡಿಸಿದ ಡಿಡಿಟಿ ಮಿರಾಮಿಷಿ ನದಿಗಿಳಿದು ಸಾಲ್ಮನ್ ಮರಿಗಳನ್ನು ಕೊಂದ ಸಂಗತಿ ಅದರಲ್ಲಿದೆ. ಕೀಟನಾಶಕವೇ ಬೇಡವೆಂದು ಆಕೆ ವಾದಿಸಿರಲಿಲ್ಲ. ಕಂಡಕಂಡಲ್ಲಿ ಸುರಿಯುವುದನ್ನು ವಿರೋಧಿಸಿದರು. ರಾಸಾಯನಿಕ ಕಂಪನಿಗಳವರು ತಿರುಗಿಬಿದ್ದಾಗ ಸ್ತನ ಕ್ಯಾನ್ಸರ್ ಆಗಲೇ ಮೈಯಲ್ಲಿ ಹಬ್ಬಿತ್ತು. ಅದನ್ನು ಹೊರಗೆ ಹೇಳದೆಯೇ 1963ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. 1964ರ ಏಪ್ರಿಲ್ 14ರಂದು, ಐವತ್ತಾರರ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಅಮೆರಿಕದಲ್ಲಿ ಡಿಡಿಟಿಗೆ ನಿಷೇಧ ಬಂದದ್ದು 1972ರಲ್ಲಿ.

ಆಕೆಯ ಚಿತಾಭಸ್ಮದ ಒಂದು ಭಾಗವನ್ನು ಗೆಳತಿ ಡೊರೊಥಿ ಫ್ರೀಮನ್ ಮೇಯ್ನ್ ಕಡಲತೀರದಲ್ಲಿ ಅಲೆಗಳಿಗೆ ಬಿಟ್ಟರು.