ಮಂತ್ರಕ್ಕೆ ಎಲ್ಲೆ ಕಟ್ಟಿದವನು

ಕಳೆದ ಬೇಸಗೆಯ ರಜೆಯಲ್ಲಿ ನನ್ನ ತಂಗಿಯ ಮಕ್ಕಳು ಪಡಸಾಲೆಯಲ್ಲಿ ದಾಳಗಳನ್ನೂ ಕಾಗದಗಳನ್ನೂ ಹರಡಿಕೊಂಡು ಒಂದು ಆಟಕ್ಕೆ ಕುಳಿತಿದ್ದರು. ಹಿರಿಯವಳು ಕಥೆ ನಡೆಸುವವಳು. ಉಳಿದ ಮೂವರಲ್ಲಿ ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಾಂತ್ರಿಕ. ಮಾಂತ್ರಿಕನು ಬೇಕೆಂದಾಗಲೆಲ್ಲ ಮಂತ್ರ ಹಾಕಬಹುದೆಂದು ಅವರೇ ಗೊತ್ತುಮಾಡಿಕೊಂಡಿದ್ದರು. ಅರ್ಧ ಗಂಟೆಯಲ್ಲಿ ಅವನೊಬ್ಬನೇ ಶತ್ರುಗಳನ್ನೆಲ್ಲ ಸುಟ್ಟುಹಾಕಿದನು. ಮಿಕ್ಕಿಬ್ಬರು ಮುಖ ಸಪ್ಪಗೆ ಮಾಡಿಕೊಂಡು ಎದ್ದುಹೋದರು. ಆಗ ಹಿರಿಯವಳು ಹಳೆಯ ನಿಯಮವನ್ನು ಮತ್ತೆ ತಂದಳು: ಹೊಸ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಆಟವು ಸಂಜೆಯವರೆಗೂ ನಡೆಯಿತು. ಈ ನಿಯಮವನ್ನು ಬರೆದವನಾರೆಂದು ತಿಳಿಯುವ ಕುತೂಹಲ ನನಗೆ ಹುಟ್ಟಿದ್ದು ಅಂದು.

ಆತನ ಹೆಸರು ಗ್ಯಾರಿ ಗೈಗ್ಯಾಕ್ಸ್. 1938ರ ಜುಲೈ 27ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಜನಿಸಿದನು. ತಂದೆ ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಪಿಟೀಲು ವಾದಕ. ಮಗನು ಬೆಳೆದದ್ದು ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ. ಪ್ರೌಢಶಾಲೆಯನ್ನು ಪೂರೈಸದೆ ಬಿಟ್ಟು, ವಿಮಾ ಸಂಸ್ಥೆಯ ಉದ್ಯೋಗ ಹಿಡಿದನು. ಅಪಾಯಕ್ಕೆ ಬೆಲೆ ಕಟ್ಟುವುದೇ ಆ ಉದ್ಯೋಗದ ಕೆಲಸ. ಆ ಅಭ್ಯಾಸವು ಮುಂದೆ ಆಟಕ್ಕೂ ಒದಗಿತೆಂದು ನನ್ನ ಊಹೆ. 1970ರಲ್ಲಿ ಆ ಕೆಲಸವೂ ಹೋಯಿತು. ಸಂಸಾರ ದೊಡ್ಡದು, ಮನೆಯ ನೆಲಮಾಳಿಗೆಯಲ್ಲಿ ಪಾದರಕ್ಷೆ ದುರಸ್ತಿ ಮಾಡಿ ಜೀವನ ಸಾಗಿಸಿದನು.

1971ರಲ್ಲಿ ಜೆಫ್ ಪೆರೆನ್ ಎಂಬ ಗೆಳೆಯನೊಡನೆ ‘ಚೈನ್‌ಮೇಲ್’ ಎಂಬ ಯುದ್ಧದಾಟದ ಪುಸ್ತಕವನ್ನು ಹೊರತಂದನು. ಅದರ ಮಾಂತ್ರಿಕನು ಫಿರಂಗಿಗೆ ಸಮಾನನಾಗಿದ್ದನು. ಸೈನ್ಯಗಳ ಕಾಳಗದಲ್ಲಿ ಅದು ಸಲ್ಲುತ್ತದೆ. ಆದರೆ ಡೇವ್ ಆರ್ನೆಸನ್ ಎಂಬವನು, ಆಟಗಾರನೊಬ್ಬ ಒಂದೇ ಪಾತ್ರವನ್ನು ವಹಿಸಿ ನಡೆಯುವ ಹೊಸ ಬಗೆಯನ್ನು ತೋರಿಸಿದಾಗ ತೊಡಕು ಎದುರಾಯಿತು. ಒಬ್ಬ ಗೆಳೆಯನ ಕೈಯಲ್ಲಿ ಕತ್ತಿ, ಇನ್ನೊಬ್ಬನ ಕೈಯಲ್ಲಿ ಫಿರಂಗಿ ಇದ್ದರೆ ಒಂದೇ ಮೇಜಿನ ಸುತ್ತ ಸೌಹಾರ್ದ ಉಳಿಯುವುದೆಂತು?

ಪರಿಹಾರ ದೊರೆತದ್ದು ಜಾಕ್ ವ್ಯಾನ್ಸನ 1950ರ ‘ದಿ ಡೈಯಿಂಗ್ ಅರ್ಥ್’ ಎಂಬ ಕಥಾಗ್ರಂಥದಲ್ಲಿ. ಅಲ್ಲಿನ ಮಾಂತ್ರಿಕರು ಕೆಲವೇ ಮಂತ್ರಗಳನ್ನು ಕಂಠಸ್ಥ ಮಾಡಬಲ್ಲರು. ಪ್ರಯೋಗಿಸಿದೊಡನೆ ಅದು ಮನಸ್ಸಿನಿಂದ ಅಳಿಸಿಹೋಗುತ್ತದೆ. ಪರಶುರಾಮನ ಶಾಪದಿಂದ ಕರ್ಣನು ಅಸ್ತ್ರವನ್ನು ಮರೆತ ಕಥೆಯನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ. ಆದರೆ ಕರ್ಣನಿಗೆ ಶಾಪವಾದದ್ದನ್ನು ಗೈಗ್ಯಾಕ್ಸ್ ನ್ಯಾಯವನ್ನಾಗಿ ಮಾಡಿದನು.

1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂರು ಕಿರುಹೊತ್ತಗೆಗಳಾಗಿ, 1000 ಪ್ರತಿಗಳಲ್ಲಿ ಪ್ರಕಟವಾಯಿತು. ಎರಡನೆಯ ಮಟ್ಟಕ್ಕೇರಲು ಯೋಧನಿಗೆ 2000 ಅನುಭವಾಂಕ ಸಾಕು, ಮಾಂತ್ರಿಕನಿಗೆ 2500 ಬೇಕು. ಮಾಂತ್ರಿಕನಿಗೆ ಕವಚವಿಲ್ಲ. 1978ರ ಕೈಪಿಡಿಯಲ್ಲಿ ಯೋಧನ ಪ್ರಾಣಬಲಕ್ಕೆ ಹತ್ತು ಮುಖದ ದಾಳ, ಮಾಂತ್ರಿಕನಿಗೆ ನಾಲ್ಕು ಮುಖದ್ದು. ಮಂತ್ರೋಚ್ಚಾರಣೆಯ ನಡುವೆ ಪೆಟ್ಟು ಬಿದ್ದರೆ ಮಂತ್ರವೇ ವ್ಯರ್ಥ. ಆದರೆ ಐದನೆಯ ಮಟ್ಟಕ್ಕೆ ಬಂದವನಿಗೆ ಅಗ್ನಿಗೋಲ ದೊರೆಯುತ್ತದೆ. ಮಟ್ಟ ಏರಿದಂತೆ ಅದರ ದಾಳಗಳೂ ಏರುತ್ತವೆ. ಮೊದಲು ಯೋಧನು ಮಾಂತ್ರಿಕನನ್ನು ಕಾಯಬೇಕು, ಬಳಿಕ ಮಾಂತ್ರಿಕನು ಯೋಧನನ್ನು. ಇದು ದೀರ್ಘಕಾಲದ ಸಾಲದಂಥ ಒಪ್ಪಂದ. ಕಥೆ ನಡುವೆಯೇ ನಿಂತರೆ ಮಾಂತ್ರಿಕನಿಗೆ ನಷ್ಟ, ಬಹುಕಾಲ ನಡೆದರೆ ಯೋಧನು ಮಂಕಾಗುವನು. ಈ ದೋಷವನ್ನು ಮುಚ್ಚಿಡುವುದು ತರವಲ್ಲ.

ಮೇಜಿನ ಮೇಲೆ ಸಾಧಿಸಿದ ಸಮತೋಲ ಹೊರಗೆ ಸಾಧ್ಯವಾಗಲಿಲ್ಲ. ಗೌರವಧನಕ್ಕಾಗಿ ಆರ್ನೆಸನ್ 1979ರಲ್ಲಿ ದಾವೆ ಹೂಡಿದನು, 1981ರಲ್ಲಿ ರಾಜಿಯಾಯಿತು. ಗೆಳೆಯ ಡಾನ್ ಕೇ 1975ರಲ್ಲಿ ತೀರಿಕೊಂಡ ಮೇಲೆ ಸಂಸ್ಥೆಯ ಬಹುಪಾಲು ಇನ್ನೊಂದು ಕುಟುಂಬದ ಕೈಸೇರಿತ್ತು. 1985ರಲ್ಲಿ ಅದು ಪರರಿಗೆ ಮಾರಾಟವಾಗಿ, ಆಡಳಿತ ಈತನ ಕೈತಪ್ಪಿತು. ಮರುವರ್ಷ ತಾನೇ ಕಟ್ಟಿದ ಸಂಸ್ಥೆಯಿಂದ ಹೊರಬಂದನು. ಪಾತ್ರಗಳ ಬಲಾಬಲವನ್ನು ಅಷ್ಟು ಸೂಕ್ಷ್ಮವಾಗಿ ತೂಗಿದವನು ಪಾಲುಗಾರರ ಬಲಾಬಲವನ್ನು ತೂಗಲಾರದೆ ಹೋದನು.

2008ರ ಮಾರ್ಚ್ 4ರಂದು ಲೇಕ್ ಜಿನೀವಾದಲ್ಲಿಯೇ ಗೈಗ್ಯಾಕ್ಸ್ ತೀರಿಕೊಂಡನು. ಅದೇ ಜೂನಿನಲ್ಲಿ ಬಂದ ನಾಲ್ಕನೆಯ ಆವೃತ್ತಿ ಯೋಧನಿಗೂ ಮಾಂತ್ರಿಕನಿಗೂ ಒಂದೇ ಅಚ್ಚಿನ ಶಕ್ತಿಗಳನ್ನು ಹಂಚಿತು. ಲೆಕ್ಕ ಸರಿಹೋಯಿತು; ಪಾತ್ರಗಳ ಭೇದವೇ ಮಾಸಿತೆಂದು ಹಲವರು ಮುನಿದರು. 2014ರ ಐದನೆಯ ಆವೃತ್ತಿಯು ಎಣಿಕೆಯ ಮಂತ್ರಗಳನ್ನು ಬೇರೊಂದು ರೂಪದಲ್ಲಿ ಮರಳಿ ತಂದಿತು.

ಸಮಾನತೆಯೆಂದರೆ ಎಲ್ಲರಿಗೂ ಒಂದೇ ಅಳತೆಯೋ, ಪ್ರತಿಯೊಬ್ಬನಿಗೂ ಒಂದು ಸರದಿಯೋ? ಎದ್ದುಹೋದ ಆ ಇಬ್ಬರು ಬಾಲಕರು ಸರದಿ ಸಿಕ್ಕಿದೊಡನೆ ಮರಳಿ ಬಂದು ಕುಳಿತುದನ್ನು ನಾನು ಕಂಡಿದ್ದೇನೆ.